ಬುಡದಿಂದ ಬೆಳೆಯಬೇಕಾದ ಗೋಡೆ

ಮನುಷ್ಯನು ಕಟ್ಟಿದ ಗೋಡೆಗಳಲ್ಲಿ ಎಷ್ಟೋ ಗೋಡೆಗಳು ಕೆಲವು ಕಾಲ ಕಳೆಯುವುದರೊಳಗೆ ಅವನ ಕಣ್ಣಿಗೇ ಗಿಡ್ಡವಾಗಿ ಕಾಣತೊಡಗುತ್ತವೆ. ಬೀದಿಯ ಮಟ್ಟ ಏರಿದಂತೆ ಮನೆಯ ಸುತ್ತಣ ಆವರಣದ ಗೋಡೆ ತಗ್ಗಾಗುತ್ತದೆ. ಸಂಸಾರ ಬೆಳೆದಂತೆ ನೀರಿನ ತೊಟ್ಟಿ ಸಾಲದಾಗುತ್ತದೆ. ನಗರದ ಜನಸಂಖ್ಯೆ ಹೆಚ್ಚಿ, ನೀರಾವರಿಯ ಹೊಲಗಳು ವಿಸ್ತಾರಗೊಂಡಾಗ, ಅಜ್ಜಂದಿರ ಕಾಲಕ್ಕೆ ಅದ್ಭುತವೆನಿಸಿದ್ದ ಅಣೆಕಟ್ಟೆಯೂ ಮೊಮ್ಮಕ್ಕಳ ಅಗತ್ಯಕ್ಕೆ ಚಿಕ್ಕದಾಗಿಬಿಡುತ್ತದೆ. ಆಗ ಎಲ್ಲರ ಮನಸ್ಸಿನಲ್ಲಿಯೂ ಮೂಡುವ ಪರಿಹಾರ ಒಂದೇ: ಇರುವ ಗೋಡೆಯ ಮೇಲೆ ಇನ್ನಷ್ಟು ಕಟ್ಟಿದರಾಯಿತು. ಹೇಳುವುದಕ್ಕೆ ಇದು ಬಹು ಸುಲಭ. ಆದರೆ ಬರಿಯ ನೆಲದ ಮೇಲೆ ಹೊಸ ಗೋಡೆಯನ್ನು ಕಟ್ಟುವುದಕ್ಕಿಂತ, ನಿಂತಿರುವ ಗೋಡೆಗೆ ಎತ್ತರವನ್ನು ಕೂಡಿಸುವುದು ಅನೇಕ ವೇಳೆ ಹೆಚ್ಚಿನ ಜಾಣ್ಮೆಯನ್ನೂ ತಾಳ್ಮೆಯನ್ನೂ ಬೇಡುವ ಕಾರ್ಯ.

ಗೋಡೆಗಳಲ್ಲಿ ಎರಡು ಬಗೆ. ತನ್ನ ಭಾರವನ್ನು ತಾನು ಹೊತ್ತುಕೊಂಡು ನಿಲ್ಲುವ ಗೋಡೆ ಒಂದು. ಇನ್ನೊಂದರ ಒತ್ತಡವನ್ನು ತಡೆದು ನಿಲ್ಲುವ ಗೋಡೆ ಮತ್ತೊಂದು. ಆವರಣದ ಗೋಡೆ ಮೊದಲನೆಯ ಬಗೆಯದು. ಅದನ್ನು ಎರಡಡಿ ಎತ್ತರಿಸಬೇಕೆಂದಾಗ ಅನುಭವಸ್ಥನಾದ ಮೇಸ್ತ್ರಿಯು ಗೋಡೆಯ ತಲೆಯನ್ನು ನೋಡುವುದಕ್ಕೆ ಮೊದಲು ಅದರ ಬುಡವನ್ನು ನೋಡುತ್ತಾನೆ. ಒಂದೆಡೆ ಮಣ್ಣನ್ನು ಅಗೆಸಿ, ತಳಪಾಯ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಅಗಲವಾಗಿದೆ ಎಂಬುದನ್ನು ಪರೀಕ್ಷಿಸುತ್ತಾನೆ. ಗೋಡೆಯಲ್ಲಿ ಬಿರುಕುಗಳಿವೆಯೆ, ಅದು ಒಂದು ಕಡೆಗೆ ವಾಲಿದೆಯೆ ಎಂದು ತೂಗುಗುಂಡು ಇಳಿಬಿಟ್ಟು ಅಳೆಯುತ್ತಾನೆ. ತಳಪಾಯಕ್ಕೆ ಶಕ್ತಿಯುಂಟೆಂದು ಖಚಿತವಾದ ಮೇಲೆಯೇ ಅವನ ದೃಷ್ಟಿ ಮೇಲಕ್ಕೆ ಏರುತ್ತದೆ. ಹಳೆಯ ಕಾಂಕ್ರೀಟಿನ ನುಣುಪಾದ ಮೇಲ್ಮೈಯನ್ನು ಉಳಿಯಿಂದ ಕೆತ್ತಿ ಒರಟು ಮಾಡುವುದು, ಧೂಳನ್ನು ತೊಳೆಯುವುದು, ಹಳೆಯದರಲ್ಲಿ ರಂಧ್ರಗಳನ್ನು ಕೊರೆದು ಉಕ್ಕಿನ ಕಂಬಿಗಳನ್ನು ಭದ್ರವಾಗಿ ನೆಡುವುದು, ಮೇಲ್ಮೈಯನ್ನು ನೀರಿನಿಂದ ನೆನೆಸುವುದು—ಇಷ್ಟೆಲ್ಲವೂ ಮುಗಿದ ಬಳಿಕ ಹೊಸ ಕಾಂಕ್ರೀಟು ಬೀಳುತ್ತದೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಹಳೆಯದೂ ಹೊಸದೂ ಒಂದರ ಮೇಲೊಂದು ಕುಳಿತಿರುತ್ತವೆಯೇ ಹೊರತು ಒಂದಾಗುವುದಿಲ್ಲ.

ಎರಡನೆಯ ಬಗೆಯ ಗೋಡೆಯ ವಿಚಾರ ಇದಕ್ಕಿಂತ ಗಹನವಾದುದು. ನೀರನ್ನು ತಡೆದು ನಿಲ್ಲಿಸುವ ಅಣೆಕಟ್ಟೆಯು ತನ್ನ ಭಾರವನ್ನಷ್ಟೇ ಅಲ್ಲ, ಹಿಂದೆ ನಿಂತ ನೀರಿನ ನೂಕುಬಲವನ್ನೂ ಹಗಲಿರುಳು ಎದುರಿಸಬೇಕು. ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಅದು ಏನೂ ಇಲ್ಲ. ತಳದಲ್ಲಿ ಅದೇ ಅತ್ಯಧಿಕ. ಒಂದು ಘನಮೀಟರ್ ನೀರಿನ ತೂಕ ಒಂದು ಟನ್ನು. ಹತ್ತು ಮೀಟರ್ ಆಳದ ನೀರನ್ನು ತಡೆದಿರುವ ಗೋಡೆಯ ಪ್ರತಿಯೊಂದು ಮೀಟರ್ ಉದ್ದದ ಮೇಲೆ ಬೀಳುವ ನೂಕುಬಲ 50 ಟನ್ನುಗಳಷ್ಟು. ನೀರಿನ ಆಳವನ್ನು ಹನ್ನೆರಡು ಮೀಟರಿಗೆ ಏರಿಸಿದರೆ ಅದು 60 ಟನ್ನಾಗಬಹುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಹಾಕಿದಾಗ ಅದು 72 ಟನ್ನಾಗಿರುತ್ತದೆ. ಆಳವನ್ನು ಇಮ್ಮಡಿಸಿ ಇಪ್ಪತ್ತು ಮೀಟರ್ ಮಾಡಿದರೆ ನೂಕುಬಲ ಇಮ್ಮಡಿಯಲ್ಲ, ನಾಲ್ಮಡಿಯಾಗಿ 200 ಟನ್ನಿಗೆ ಏರುತ್ತದೆ. ನೂಕುಬಲವು ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದೇ ಇದರ ಮರ್ಮ.

ಇಷ್ಟಕ್ಕೇ ಮುಗಿಯಲಿಲ್ಲ. ಗೋಡೆಯನ್ನು ಬುಡದಿಂದ ಕೀಳಲು, ಅದನ್ನು ಮುಂದಕ್ಕೆ ಮಗುಚಲು ನೀರು ಮಾಡುವ ಪ್ರಯತ್ನವು ನೂಕುಬಲದ ಪ್ರಮಾಣದ ಮೇಲೆ ಮಾತ್ರವಲ್ಲದೆ ಆ ಬಲವು ಬುಡದಿಂದ ಎಷ್ಟು ಎತ್ತರದಲ್ಲಿ ತಾಗುತ್ತದೆ ಎಂಬುದರ ಮೇಲೂ ನಿಂತಿದೆ. ಉದ್ದವಾದ ಹಾರೆಯ ತುದಿಯನ್ನು ಹಿಡಿದು ಬಂಡೆಯನ್ನು ಮೀಟುವುದು ಸುಲಭವೆಂಬುದು ಎಲ್ಲರಿಗೂ ತಿಳಿದ ಸಂಗತಿಯಷ್ಟೆ. ಹಾಗೆಯೇ ನೀರು ಎತ್ತರವಾದಷ್ಟೂ ಅದಕ್ಕೆ ಹೆಚ್ಚು ಉದ್ದನೆಯ ಹಾರೆ ದೊರೆತಂತಾಗುತ್ತದೆ. ಆದುದರಿಂದ ನೀರಿನ ಆಳವನ್ನು ಇಮ್ಮಡಿಸಿದರೆ ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟಾಗುತ್ತದೆ. ಹತ್ತು ಮೀಟರನ್ನು ಹನ್ನೆರಡು ಮಾಡಿದರೂ, ಅಂದರೆ ಎತ್ತರವನ್ನು ಐದನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚಿಸಿದರೂ, ಮಗುಚುವ ಶಕ್ತಿ ಮುಕ್ಕಾಲು ಪಾಲಿನಷ್ಟು ಹೆಚ್ಚಿಬಿಡುತ್ತದೆ. ಗೋಡೆಯ ತಲೆಯ ಮೇಲೆ ಮಾಡಿದ ಸಣ್ಣ ಕೆಲಸದ ಬೆಲೆಯನ್ನು ಅದರ ಬುಡ ತೆರಬೇಕಾಗುತ್ತದೆ.

ಇಂತಹ ನೂಕುಬಲವನ್ನು ತನ್ನ ತೂಕದಿಂದಲೇ ಎದುರಿಸಿ ನಿಲ್ಲುವ ಕಟ್ಟೆಗೆ ಭಾರಾವಲಂಬಿ ಅಣೆಕಟ್ಟೆ ಎಂದು ಹೆಸರು. ಅದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ತ್ರಿಕೋನದ ಆಕಾರ ಕಾಣುತ್ತದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಈ ತ್ರಿಕೋನದ ತಳವು ಸಾಮಾನ್ಯವಾಗಿ ಅದರ ಎತ್ತರದ ಮುಕ್ಕಾಲು ಭಾಗದಷ್ಟು ಇರುತ್ತದೆ. ಆದುದರಿಂದ ಇಂತಹ ಕಟ್ಟೆಯನ್ನು ಹತ್ತು ಮೀಟರ್ ಎತ್ತರಿಸಬೇಕಾದರೆ ತಳವನ್ನೂ ಏಳೆಂಟು ಮೀಟರ್ ಅಗಲಿಸಬೇಕು. ಹಾಗೆ ಮಾಡದೆ ತಲೆಯ ಮೇಲೆ ಮಾತ್ರ ಕಟ್ಟುತ್ತ ಹೋದರೆ ಮೂರು ಅಪಾಯಗಳು ಕಾದಿರುತ್ತವೆ. ಕಟ್ಟೆಯು ಮುಂದಕ್ಕೆ ಮಗುಚಬಹುದು; ತಳದ ಬಂಡೆಯ ಮೇಲೆ ಜಾರಬಹುದು; ಇಲ್ಲವೆ ನೀರಿನ ಕಡೆಯ ಮುಖದಲ್ಲಿ ಬಿರುಕು ಬಿಡಬಹುದು. ಈ ಮೂರನೆಯದು ಹೊರಗಿನ ಕಣ್ಣಿಗೆ ಕಾಣದೆ ಬೆಳೆಯುವ ಶತ್ರು. ಬಿರುಕಿನೊಳಗೆ ನುಗ್ಗಿದ ನೀರು ಅಲ್ಲಿಯೂ ಒತ್ತಡವನ್ನು ಬೀರಿ, ಮೇಲಿನ ಭಾಗವನ್ನು ಕೆಳಗಿನಿಂದ ಎತ್ತತೊಡಗುತ್ತದೆ. ತನ್ನ ತೂಕವನ್ನೇ ನಂಬಿ ನಿಂತಿರುವ ಗೋಡೆಗೆ ತೂಕವೇ ಕಡಿಮೆಯಾದಂತಾಗುತ್ತದೆ.

ಈ ಸತ್ಯವನ್ನು ಲೋಕವು ದೊಡ್ಡ ದುರಂತದಿಂದ ಕಲಿಯಬೇಕಾಯಿತು. ಫ್ರಾನ್ಸಿನ ಎಪಿನಾಲ್ ಪಟ್ಟಣದ ಬಳಿ ಬೂಝೆ ಎಂಬ ಕಲ್ಲುಗಾರೆಯ ಅಣೆಕಟ್ಟೆಯಿತ್ತು. 1884ರಲ್ಲಿ ಅದರ ಒಂದು ಭಾಗ ನೀರಿನ ಒತ್ತಡಕ್ಕೆ ಸಿಕ್ಕಿ ಮುಂದಕ್ಕೆ ಸರಿಯಿತು. ಅದರ ಬುಡವನ್ನು ಬಲಪಡಿಸಿ ಮತ್ತೆ ನೀರು ತುಂಬಿಸಿದರು. ಆದರೆ 1895ರ ಏಪ್ರಿಲ್ 27ರಂದು ಗೋಡೆಯ ಮೇಲ್ಭಾಗ, ತಲೆಯಿಂದ ಸುಮಾರು ಹತ್ತು ಮೀಟರ್ ಕೆಳಗೆ ಬಿರಿದು, ಕಡಿದುಕೊಂಡು ಉರುಳಿತು. ಬುಡವು ನಿಂತ ಜಾಗದಲ್ಲಿಯೇ ಇತ್ತು. ಮೇಲಿನ ಭಾಗ ಮಾತ್ರ ಹೋಯಿತು. ಕಣಿವೆಯಲ್ಲಿ ನುಗ್ಗಿದ ನೀರಿಗೆ ಎಂಬತ್ತಕ್ಕೂ ಹೆಚ್ಚು ಜನ ಬಲಿಯಾದರು. ಬಿರುಕಿನೊಳಗೆ ಸೇರಿದ ನೀರು ಮೇಲಕ್ಕೆ ಒತ್ತುವ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕೆಂಬ ಅರಿವು ಆ ಬಳಿಕ ಎಂಜಿನಿಯರುಗಳಲ್ಲಿ ದೃಢವಾಯಿತು. ಹಳೆಯ ಗೋಡೆಯ ಮೇಲೆ ಹೊಸದನ್ನು ಕೂರಿಸಿದಾಗ ಎರಡರ ನಡುವೆ ಉಳಿಯುವ ಅಡ್ಡ ಸಂದು ಇಂತಹ ಬಿರುಕಿಗೆ ತಾನಾಗಿಯೇ ದಾರಿ ಮಾಡಿಕೊಟ್ಟಂತೆ. ಹಳೆಯ ಗೋಡೆಯನ್ನು ಎತ್ತರಿಸುವವರು ಸಂದಿನ ವಿಷಯದಲ್ಲಿ ಅಷ್ಟೊಂದು ಎಚ್ಚರ ವಹಿಸುವುದರ ಕಾರಣ ಇದೇ.

ಇರುವ ಕಟ್ಟೆಗೆ ಎತ್ತರವನ್ನು ಕೂಡಿಸಿದ ಸಾಹಸಗಳಲ್ಲಿ ಈಜಿಪ್ಟಿನ ಆಸ್ವಾನ್ ಅಣೆಕಟ್ಟೆಯ ಕಥೆ ಅತ್ಯಂತ ಬೋಧಪ್ರದವಾದುದು. ನೈಲ್ ನದಿಯ ಪ್ರವಾಹದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಹತ್ತಿಯ ಹೊಲಗಳಿಗೆ ಉಣಿಸುವ ಉದ್ದೇಶದಿಂದ 1898ರಿಂದ 1902ರವರೆಗೆ ಅದನ್ನು ಕಟ್ಟಿದರು. ವಿಲಿಯಂ ವಿಲ್ಕಾಕ್ಸ್ ಎಂಬ ಎಂಜಿನಿಯರು ಅದರ ಯೋಜನೆಯನ್ನು ರೂಪಿಸಿದವನು. ಬೆಂಜಮಿನ್ ಬೇಕರ್ ಸಲಹೆಗಾರನಾಗಿದ್ದನು. ಗ್ರಾನೈಟ್ ಕಲ್ಲು ಮತ್ತು ಸಿಮೆಂಟುಗಾರೆಯ ಈ ಗೋಡೆಯ ಉದ್ದ ಸುಮಾರು ಎರಡು ಕಿಲೋಮೀಟರ್. ಅದರಲ್ಲಿ ನೀರು ಹರಿದುಹೋಗಲು 180 ತೂಬುಗಳಿದ್ದುವು. ಮೊದಲು ಯೋಚಿಸಿದ್ದ ಎತ್ತರ ಇನ್ನೂ ಹೆಚ್ಚಿನದಾಗಿತ್ತು. ಆದರೆ ಕಟ್ಟೆಯ ಮೇಲ್ಗಡೆ ನದಿಯ ನಡುವೆ ಫೀಲೇ ಎಂಬ ದ್ವೀಪವೂ, ಅದರಲ್ಲಿ ಐಸಿಸ್ ದೇವತೆಯ ಪುರಾತನ ದೇವಾಲಯವೂ ಇದ್ದುವು. ಅದು ಮುಳುಗುವುದೆಂದು ಅನೇಕ ದೇಶಗಳ ವಿದ್ವಾಂಸರು ಪ್ರತಿಭಟಿಸಿದುದರಿಂದ ಕಟ್ಟೆಯ ಎತ್ತರವನ್ನು ಕಡಿಮೆ ಮಾಡಲಾಯಿತು.

ಕಟ್ಟೆ ಮುಗಿದ ಕೆಲವೇ ವರ್ಷಗಳಲ್ಲಿ ಅದರ ನೀರು ಸಾಲದೆಂಬ ಕೂಗು ಎದ್ದಿತು. 1907ರಲ್ಲಿ ಅದನ್ನು ಐದು ಮೀಟರ್ ಎತ್ತರಿಸುವ ಕೆಲಸ ಆರಂಭವಾಯಿತು. ಎತ್ತರಿಸುವುದಕ್ಕೆ ಮೊದಲು ಕಟ್ಟೆಯನ್ನು ದಪ್ಪಗೊಳಿಸಬೇಕು. ಅಂದರೆ ಹಳೆಯ ಗೋಡೆಯ ಕೆಳಪಾರ್ಶ್ವಕ್ಕೆ ತಳದಿಂದ ತಲೆಯವರೆಗೆ ಹೊಸ ಕಲ್ಲುಕಟ್ಟಡವನ್ನು ಸೇರಿಸಬೇಕು. ಇಲ್ಲೊಂದು ತೊಡಕು ತಲೆದೋರಿತು. ಹಳೆಯ ಕಟ್ಟಡ ಗಟ್ಟಿಯಾಗಿ, ತಣ್ಣಗಾಗಿ, ನೆಲೆನಿಂತುಹೋಗಿತ್ತು. ಹೊಸ ಕಟ್ಟಡದ ಗಾರೆ ಗಟ್ಟಿಯಾಗುವಾಗ ಬಿಸಿಯೇರಿ, ಅನಂತರ ತಣಿದು ಕುಗ್ಗುತ್ತದೆ. ಕುಗ್ಗುವುದನ್ನು ಕುಗ್ಗದುದಕ್ಕೆ ಮೊದಲೇ ಅಂಟಿಸಿದರೆ ಎರಡರ ನಡುವೆ ಬಿರುಕು ಬಿಡುವುದು ಖಂಡಿತ. ಬೇಕರನು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದರೂ ಅಪೂರ್ವವಾದುದು. ಹೊಸ ಗೋಡೆಯನ್ನು ಹಳೆಯದಕ್ಕೆ ತಾಗಿಸದೆ, ಎರಡರ ನಡುವೆ ಆರು ಅಂಗುಲದ ತೆರವನ್ನು ಬಿಟ್ಟು ಕಟ್ಟಬೇಕು. ಹಳೆಯ ಗೋಡೆಯಲ್ಲಿ ನೆಟ್ಟ ಉಕ್ಕಿನ ಸರಳುಗಳು ಎರಡನ್ನೂ ಹಿಡಿದಿರಬೇಕು. ಹೊಸದು ಚೆನ್ನಾಗಿ ತಣಿದು, ಹಳೆಯದರ ಉಷ್ಣಮಾನಕ್ಕೆ ಇಳಿಯುವವರೆಗೆ ಸುಮಾರು ಎರಡು ವರ್ಷ ಕಾಯಬೇಕು. ಅನಂತರ ಆ ತೆರವಿಗೆ ಸಿಮೆಂಟಿನ ತೆಳುಪಾಕವನ್ನು ತುಂಬಿ ಎರಡನ್ನೂ ಒಂದಾಗಿಸಬೇಕು. ಬೇಕರನು 1907ರಲ್ಲಿಯೇ ತೀರಿಕೊಂಡನು. ಆದರೆ ಅವನ ಉಪಾಯದಂತೆಯೇ ಕೆಲಸ ನಡೆದು 1912ರಲ್ಲಿ ಪೂರ್ಣಗೊಂಡಿತು. ಜಲಾಶಯದ ನೀರು ಮೊದಲಿನ ಇಮ್ಮಡಿಗೂ ಹೆಚ್ಚಾಯಿತು. ಹಳೆಯದನ್ನೂ ಹೊಸದನ್ನೂ ಕೂಡಿಸಬೇಕಾದಾಗ ಅವಸರಪಡದೆ, ಹೊಸದು ತಣಿಯುವವರೆಗೆ ಕಾಯುವುದೂ ಒಂದು ಬಗೆಯ ಕಟ್ಟುವ ಕೆಲಸವೇ ಎಂಬುದನ್ನು ಆಸ್ವಾನಿನ ಆ ಆರು ಅಂಗುಲಗಳು ತೋರಿಸಿಕೊಟ್ಟುವು.

ಆದರೂ ನೀರಿನ ಬೇಡಿಕೆ ನಿಲ್ಲಲಿಲ್ಲ. 1929ರಿಂದ 1933ರವರೆಗೆ ಅದೇ ಗೋಡೆಯನ್ನು ಎರಡನೆಯ ಸಲ ಒಂಬತ್ತು ಮೀಟರ್ ಎತ್ತರಿಸಲಾಯಿತು. ಈ ಬಾರಿ ಕೆಳಪಾರ್ಶ್ವದಲ್ಲಿ ಬಲವಾದ ಆನಿಕೆಗಳನ್ನು ಕಟ್ಟಿ ಗೋಡೆಗೆ ಬೆಂಬಲವಿತ್ತರು. ಜಲಾಶಯದ ನೀರು ಮೊಟ್ಟಮೊದಲಿನ ಪ್ರಮಾಣದ ಸುಮಾರು ಐದು ಪಟ್ಟಾಯಿತು. 1946ರ ಮಹಾಪೂರದಲ್ಲಿ ನೀರು ಕಟ್ಟೆಯ ತಲೆಯನ್ನು ಮುಟ್ಟುವಷ್ಟಾದಾಗ, ಮೂರನೆಯ ಸಲ ಎತ್ತರಿಸಬಹುದೆ ಎಂಬ ಪ್ರಶ್ನೆ ಬಂದಿತು. ಅದಕ್ಕೆ ಕೈಹಾಕದೆ, ಕೆಲವು ಕಿಲೋಮೀಟರ್ ಮೇಲೆ ಹೊಸದಾದ ಇನ್ನೊಂದು ಕಟ್ಟೆಯನ್ನು ಕಟ್ಟುವ ನಿರ್ಧಾರವಾಯಿತು. 1960ರಲ್ಲಿ ಆರಂಭವಾಗಿ 1970ರಲ್ಲಿ ಮುಗಿದ ಆಸ್ವಾನ್ ಮಹಾ ಅಣೆಕಟ್ಟೆ ಅದೇ. ಯಾವ ಗೋಡೆಯನ್ನೇ ಆಗಲಿ ಮತ್ತೆ ಮತ್ತೆ ಎತ್ತರಿಸುತ್ತ ಹೋಗಲು ಬರುವುದಿಲ್ಲ. ಹಳೆಯದನ್ನು ಬಿಟ್ಟು ಹೊಸದನ್ನು ಯೋಚಿಸಬೇಕಾದ ಘಟ್ಟವೊಂದು ಬರುತ್ತದೆ. ಆ ಘಟ್ಟವನ್ನು ಗುರುತಿಸುವುದೂ ವಿವೇಕವೇ.

ಆಸ್ವಾನಿನದು ಕಲ್ಲುಗಾರೆಯ ಗೋಡೆ. ಅನಂತರದ ಕಾಲದ ಕಾಂಕ್ರೀಟಿನ ಗೋಡೆಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೋ ನಗರಕ್ಕೆ ನೀರನ್ನು ಒದಗಿಸುವ ಸ್ಯಾನ್ ವಿಸೆಂಟೆ ಅಣೆಕಟ್ಟೆಯನ್ನು 1943ರಲ್ಲಿ 220 ಅಡಿ ಎತ್ತರಕ್ಕೆ ಕಟ್ಟಿದ್ದರು. ಆ ನಗರದ ನೀರಿನ ಬಹುಭಾಗ ದೂರದಿಂದ ಕಾಲುವೆ ಕೊಳವೆಗಳಲ್ಲಿ ಹರಿದುಬರತಕ್ಕದ್ದು. ಭೂಕಂಪದಿಂದಲೋ ಬರಗಾಲದಿಂದಲೋ ಆ ನೀರು ನಿಂತುಹೋದರೆ ಏನು ಗತಿ ಎಂಬ ಚಿಂತೆಯಿಂದ 2009ರಿಂದ 2014ರವರೆಗೆ ಅದನ್ನು 117 ಅಡಿ ಎತ್ತರಿಸಿ 337 ಅಡಿಗೆ ಏರಿಸಿದರು. ಅಲ್ಲಿಯೂ ಕೆಲಸ ಆರಂಭವಾದುದು ಬುಡದಿಂದಲೇ. ಮೊದಲು ಕೆಳಪಾರ್ಶ್ವದಲ್ಲಿ ಗಟ್ಟಿ ಬಂಡೆ ದೊರೆಯುವವರೆಗೆ ನೆಲವನ್ನು ಅಗೆದರು. ಹಳೆಯ ಗೋಡೆಯ ಮುಖವನ್ನು ರಭಸದ ನೀರಿನ ಧಾರೆಯಿಂದ ಹೊಡೆದು, ಸಡಿಲವಾದ ಹೊರಪದರವನ್ನು ಕಿತ್ತು, ಒರಟು ಮಾಡಿದರು. ಅನಂತರ ನೀರಿನಂಶ ಕಡಿಮೆಯಿರುವ ಕಾಂಕ್ರೀಟನ್ನು ತೆಳುವಾದ ಪದರಪದರವಾಗಿ ಹರಡಿ, ರಸ್ತೆಗೆ ಉರುಳೆ ಹಾಯಿಸುವಂತೆ ಹಾಯಿಸಿ ಅದುಮುತ್ತ ಮೇಲಕ್ಕೆ ತಂದರು. ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಕಲ್ಲಿದ್ದಲಿನ ಹಾರುಬೂದಿಯನ್ನು ಬೆರೆಸುವುದರಿಂದ ಇಂತಹ ಕಾಂಕ್ರೀಟಿನಲ್ಲಿ ಹುಟ್ಟುವ ಶಾಖ ಕಡಿಮೆಯಾಗುತ್ತದೆ. ಬೇಕರನು ಎದುರಿಸಿದ ತೊಡಕನ್ನೇ ಒಂದು ಶತಮಾನದ ಬಳಿಕದ ಎಂಜಿನಿಯರುಗಳು ಬೇರೊಂದು ದಾರಿಯಿಂದ ನಿವಾರಿಸಿದರು.

ಮುಂದೆ ಎತ್ತರಿಸಬೇಕಾಗುವುದೆಂದು ಮೊದಲೇ ತಿಳಿದಿದ್ದರೆ ಕೆಲಸ ಎಷ್ಟೋ ಹಗುರ. ಅದೇ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿಗಾಗಿ 1923ರಲ್ಲಿ ಮುಗಿಸಿದ ಓಶಾನಸಿ ಅಣೆಕಟ್ಟೆಯ ತಳಪಾಯವನ್ನು ಮುಂದಿನ ಎತ್ತರಕ್ಕೆ ಸಾಲುವಂತೆಯೇ ಹಾಕಿದ್ದರು. ಹೊಸ ಕಾಂಕ್ರೀಟು ಹಿಡಿದುಕೊಳ್ಳಲೆಂದು ಕೆಳಮುಖವನ್ನು ಮೆಟ್ಟಿಲುಮೆಟ್ಟಿಲಾಗಿ ಬಿಟ್ಟಿದ್ದರು. 1938ರಲ್ಲಿ ಅದು 85 ಅಡಿ ಮೇಲೆದ್ದಿತು.

ಇದಕ್ಕಿಂತ ಹತ್ತಿರದ ದೃಷ್ಟಾಂತವೊಂದು ಕಾವೇರಿಯ ಮೇಲಿದೆ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಆಗ ಸಂಸ್ಥಾನಕ್ಕೆ ದೊರೆತದ್ದು 80 ಅಡಿಯ ಮೊದಲ ಘಟ್ಟಕ್ಕೆ ಮಾತ್ರ ಒಪ್ಪಿಗೆ. ಆದರೆ ತಳಪಾಯವನ್ನು 124 ಅಡಿಯ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಲಾಯಿತು. ಸುಣ್ಣ ಮತ್ತು ಇಟ್ಟಿಗೆಪುಡಿಯಿಂದಾದ ಸುರ್ಕಿಗಾರೆಯಲ್ಲಿ ಕಲ್ಲನ್ನು ಕಟ್ಟಿ ಎಬ್ಬಿಸಿದ ಆ ಗೋಡೆ, 1924ರ ಒಪ್ಪಂದದ ಬಳಿಕ, ಬುಡದಲ್ಲಿ ಏನನ್ನೂ ಕೆದಕದೆ ತನ್ನ ಪೂರ್ಣ ಎತ್ತರಕ್ಕೆ ಏರಿತು. ನೆಲದೊಳಗೆ ಹುದುಗಿದ, ಯಾರ ಕಣ್ಣಿಗೂ ಬೀಳದ ಆ ಅಗಲವೇ ಮೇಲಿನ ಎತ್ತರವನ್ನು ಸಾಧ್ಯವಾಗಿಸಿತು. ದೂರದೃಷ್ಟಿ ಎಂಬ ಮಾತಿಗೆ ಕಲ್ಲಿನಲ್ಲಿ ಬರೆದ ಅರ್ಥವಿದು.

ತಳವನ್ನು ಅಗಲಿಸಲು ಸ್ಥಳವಿಲ್ಲದಾಗ ಬೇರೆ ಉಪಾಯಗಳೂ ಉಂಟು. ಗೋಡೆಯ ತಲೆಯಿಂದ ಬುಡದ ಬಂಡೆಯವರೆಗೆ ರಂಧ್ರಗಳನ್ನು ಕೊರೆದು, ಉಕ್ಕಿನ ಹುರಿಗಳನ್ನು ಇಳಿಸಿ, ಬಂಡೆಯೊಳಗೆ ಭದ್ರಪಡಿಸಿ, ಮೇಲಿನಿಂದ ಬಿಗಿದು ಎಳೆದು ಕಟ್ಟಬಹುದು. ಆಗ ತೂಕವನ್ನು ಕೂಡಿಸದೆಯೇ ತೂಕ ಕೂಡಿಸಿದ ಫಲ ದೊರೆಯುತ್ತದೆ. ಆಂದ್ರೆ ಕೋಯ್ನ್ ಎಂಬ ಫ್ರೆಂಚ್ ಎಂಜಿನಿಯರು 1930ರ ದಶಕದಲ್ಲಿ ಅಲ್ಜೀರಿಯಾದ ಶ್ಯೂರ್ಫಾ ಅಣೆಕಟ್ಟೆಯನ್ನು ಬಲಪಡಿಸಲು ಈ ಕ್ರಮವನ್ನು ಮೊದಲು ಬಳಕೆಗೆ ತಂದನು. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯನ್ನು 1979ರ ಬಳಿಕ ಬಲಪಡಿಸುವಾಗಲೂ ಇಂತಹ ಉಕ್ಕಿನ ಹುರಿಗಳ ಬಿಗಿತವನ್ನೂ, ಹಿಂಬದಿಗೆ ಕಾಂಕ್ರೀಟಿನ ಒತ್ತನ್ನೂ ಕೊಟ್ಟರು. ಇನ್ನು ಕಮಾನಿನಂತೆ ಬಾಗಿದ ಅಣೆಕಟ್ಟೆಗಳು ನೀರಿನ ನೂಕುಬಲವನ್ನು ಇಕ್ಕೆಲದ ಬೆಟ್ಟಗಳಿಗೆ ದಾಟಿಸುವುವಾದ್ದರಿಂದ, ಅವನ್ನು ಎತ್ತರಿಸುವವರು ಬುಡದ ಜೊತೆಗೆ ಬೆಟ್ಟಗಳ ಬಲವನ್ನೂ ಪರೀಕ್ಷಿಸಬೇಕು. ಸ್ವಿಟ್ಜರ್ಲೆಂಡಿನ ಮೊವಾಸನ್ ಎಂಬ ಕಮಾನುಗಟ್ಟೆಯನ್ನು 1991ರ ವೇಳೆಗೆ ಹದಿಮೂರೂವರೆ ಮೀಟರ್ ಎತ್ತರಿಸಿ 250 ಮೀಟರಿಗೆ ಏರಿಸಿದ್ದು ಹೀಗೆಯೇ.

ಗೋಡೆಯನ್ನು ಮುಟ್ಟದೆಯೇ ನೀರನ್ನು ಎತ್ತರಿಸುವ ಜಾಣ್ಮೆಯೂ ಒಂದಿದೆ. ದಕ್ಷಿಣ ಭಾರತದ ಹಳೆಯ ಕೆರೆಗಳ ಕೋಡಿಯ ಮೇಲೆ ಸಾಲಾಗಿ ಕಲ್ಲುಕಂಬಗಳನ್ನು ನೆಟ್ಟಿರುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂದಾಗ ಅವುಗಳ ನಡುವೆ ಹಲಗೆಯಿಟ್ಟು, ಮಣ್ಣು ಮೆತ್ತಿ, ಒಂದೆರಡು ಅಡಿ ನೀರನ್ನು ಹೆಚ್ಚಾಗಿ ಹಿಡಿಯುತ್ತಿದ್ದರು. ಆದರೆ ಹಠಾತ್ತಾಗಿ ಪ್ರವಾಹ ಬಂದರೆ ಹಲಗೆಯನ್ನು ತೆಗೆಯುವವರಿಲ್ಲದೆ ಏರಿಯೇ ಒಡೆಯುವ ಭಯವಿತ್ತು. ಪುಣೆಯ ಬಳಿಯ ಖಡಕವಾಸ್ಲದ ಫೈಫ್ ಸರೋವರದಲ್ಲಿ ಇದೇ ಸಮಸ್ಯೆಗೆ ಉತ್ತರವಾಗಿ, ಆಗ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅಳವಡಿಸಿದ ಆ ಬಾಗಿಲುಗಳು, ನೀರು ಕೋಡಿಗಿಂತ ಸುಮಾರು ಎಂಟು ಅಡಿ ಮೇಲಕ್ಕೆ ನಿಲ್ಲುವಂತೆ ಮುಚ್ಚಿಕೊಂಡಿರುತ್ತಿದ್ದುವು. ಅದಕ್ಕೂ ಮೀರಿ ಏರಿದರೆ ತಾವಾಗಿಯೇ ತೆರೆದುಕೊಂಡು ಹೆಚ್ಚುವರಿ ನೀರನ್ನು ಹೊರಬಿಡುತ್ತಿದ್ದುವು. ಕೃಷ್ಣರಾಜಸಾಗರದಲ್ಲಿಯೂ ಇಂತಹ ಬಾಗಿಲುಗಳನ್ನು ಅನಂತರ ಬಳಸಲಾಯಿತು.

ಇಷ್ಟು ಹೊತ್ತು ಹೇಳಿದುದೆಲ್ಲ ಗೋಡೆಯ ಒಂದು ಪಕ್ಕದ ಮಾತು. ಗೋಡೆಗೆ ಇನ್ನೊಂದು ಪಕ್ಕವೂ ಉಂಟು. ಗೋಡೆ ಒಂದು ಮೀಟರ್ ಎದ್ದರೆ ಅದರ ಹಿಂದಿನ ನೀರು ಒಂದು ಮೀಟರ್ ಮಾತ್ರ ಏರಿ ಸುಮ್ಮನಿರುವುದಿಲ್ಲ. ಅದು ನೆಲದ ಮೇಲೆ ಹರಡಿಕೊಳ್ಳುತ್ತದೆ. ಕಡಿದಾದ ಕಣಿವೆಯಲ್ಲಿ ಆ ಹರಡಿಕೆ ಸ್ವಲ್ಪ, ಬಯಲುಸೀಮೆಯಲ್ಲಿ ಮೈಲಿಗಟ್ಟಲೆ. ಹಾಗೆ ಹರಡಿಕೊಂಡ ನೀರಿನ ಕೆಳಗೆ ಹೊಲಗಳಿರುತ್ತವೆ, ಮನೆಗಳಿರುತ್ತವೆ, ಗುಡಿಗಳಿರುತ್ತವೆ.

ಆಸ್ವಾನಿನಲ್ಲಿ ಆದುದೂ ಇದೇ. ಫೀಲೇ ದೇವಾಲಯದ ಸಲುವಾಗಿ ಕಟ್ಟೆಯನ್ನು ತಗ್ಗಿಸಿದ್ದ ಔದಾರ್ಯ ಹತ್ತು ವರ್ಷವೂ ಬಾಳಲಿಲ್ಲ. ಕಟ್ಟೆ ಎದ್ದಂತೆಲ್ಲ ದೇವಾಲಯ ಹೆಚ್ಚು ಹೆಚ್ಚಾಗಿ ನೀರಿನಲ್ಲಿ ಮುಳುಗಿ, ವರ್ಷದ ಬಹುಕಾಲ ಅಲ್ಲಿಯೇ ಇರತೊಡಗಿತು. ಸಾವಿರಾರು ವರ್ಷ ಉಳಿದುಬಂದಿದ್ದ ಗೋಡೆಗಳ ಬಣ್ಣ ತೊಳೆದುಹೋಯಿತು. ಕೊನೆಗೆ 1972ರಿಂದ 1980ರವರೆಗೆ, ಯುನೆಸ್ಕೋ ಸಂಸ್ಥೆಯ ನೆರವಿನಿಂದ, ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಹತ್ತಿರದ ಅಗಿಲ್ಕಿಯಾ ಎಂಬ ಎತ್ತರವಾದ ದ್ವೀಪದ ಮೇಲೆ ಮತ್ತೆ ಜೋಡಿಸಿದರು. ದೇವಾಲಯಕ್ಕೆ ಲೋಕದ ಕರುಣೆ ದೊರೆಯಿತು. ಆದರೆ ನದಿಯ ದಡದಲ್ಲಿ ಬಾಳಿದ್ದ ನೂಬಿಯದ ಜನರು ಎರಡು ಎತ್ತರಿಕೆಗಳಲ್ಲಿಯೂ ತಮ್ಮ ಖರ್ಜೂರದ ತೋಪುಗಳನ್ನೂ ಹೊಲಗಳನ್ನೂ ನೀರಿಗೆ ಒಪ್ಪಿಸಿ, ಬರಡು ಇಳಿಜಾರುಗಳ ಮೇಲೆ ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಉಳುವ ನೆಲವಿಲ್ಲದ ಗಂಡಸರು ಕೈರೋ, ಅಲೆಕ್ಸಾಂಡ್ರಿಯ ನಗರಗಳಿಗೆ ಕೂಲಿಗಾಗಿ ಹೊರಟುಹೋದರು. ಕಟ್ಟೆಯ ಕೆಳಗಿನ ಹೊಲಗಳಲ್ಲಿ ಹತ್ತಿ ಹುಲುಸಾಗಿ ಬೆಳೆದ ಅದೇ ವರ್ಷಗಳಲ್ಲಿ ಕಟ್ಟೆಯ ಮೇಲ್ಗಡೆಯ ಊರುಗಳು ಬರಿದಾದುವು.

ಕರ್ನಾಟಕಕ್ಕೂ ಈ ವಿಚಾರ ಹೊರಗಿನದಲ್ಲ. ಕೃಷ್ಣಾನದಿಯ ಆಲಮಟ್ಟಿ ಜಲಾಶಯದಲ್ಲಿ ನೀರನ್ನು 519.6 ಮೀಟರ್ ಮಟ್ಟದವರೆಗೆ ನಿಲ್ಲಿಸಿದಾಗ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಹಿನ್ನೀರಿಗೆ ಸೇರಿದುವು. ಬಾಗಲಕೋಟೆಯ ಜನರಿಗಾಗಿ ನವನಗರವೆಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಬಾಗಿಲುಗಳನ್ನು ಎತ್ತರಿಸಿ ಆ ಮಟ್ಟವನ್ನು 524.256 ಮೀಟರಿಗೆ ಏರಿಸುವುದಕ್ಕೆ ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಒಪ್ಪಿಗೆಯಿತ್ತಿತು. ಹೆಚ್ಚುವರಿ ಎತ್ತರ ಐದು ಮೀಟರಿಗೂ ಕಡಿಮೆ. ಆದರೆ ಬಯಲುನೆಲದಲ್ಲಿ ಅಷ್ಟರ ಅರ್ಥ ಇನ್ನೂ ಅನೇಕ ಊರುಗಳ ಸ್ಥಳಾಂತರ. ಆ ನೀರು ಬರಗಾಲದ ಜಿಲ್ಲೆಗಳ ಹೊಲಗಳಿಗೆ ಜೀವವೆಂಬುದೂ ನಿಜ. ಆ ನೀರಿನ ಕೆಳಗೆ ಹೋಗುವುದು ಇನ್ನೊಬ್ಬರ ಹೊಲವೆಂಬುದೂ ಅಷ್ಟೇ ನಿಜ. ನರ್ಮದೆಯ ಸರ್ದಾರ್ ಸರೋವರದ ಗೋಡೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2000ದ ಅಕ್ಟೋಬರಿನಲ್ಲಿ ತೀರ್ಪನ್ನಿತ್ತಾಗ, 90 ಮೀಟರಿನ ಮೇಲಿನ ಪ್ರತಿಯೊಂದು ಏರಿಕೆಯನ್ನೂ ನಿರಾಶ್ರಿತರ ಪುನರ್ವಸತಿಯ ಪ್ರಗತಿಯೊಡನೆ ಜೋಡಿಸಿತು. ಪುನರ್ವಸತಿ ತಕ್ಕಂತೆ ನಡೆಯಿತೆ ಎಂಬ ವಿವಾದ ಆ ಬಳಿಕವೂ ಮುಂದುವರಿಯಿತು. ಆದರೆ ಜನರನ್ನು ನೆಲೆಗೊಳಿಸದೆ ಗೋಡೆಯನ್ನು ಏರಿಸಬಾರದೆಂಬ ತತ್ತ್ವವಾದರೂ ಅಲ್ಲಿ ಮಾತಿನಲ್ಲಿ ದಾಖಲಾಯಿತು.

ಎತ್ತರಿಸಿದ ಗೋಡೆಯನ್ನು ನೋಡಲು ಹೋದವರ ದೃಷ್ಟಿ ಸಹಜವಾಗಿ ಅದರ ತಲೆಯ ಮೇಲೆ ನೆಲೆಸುತ್ತದೆ. ಆದರೆ ಗೋಡೆಯ ಗುಣವನ್ನು ಬಲ್ಲವರು ಎರಡು ತಳಪಾಯಗಳನ್ನು ವಿಚಾರಿಸುತ್ತಾರೆ. ಹೆಚ್ಚಿದ ನೂಕುಬಲವನ್ನು ತಡೆಯುವಷ್ಟು ಅಗಲ ಬುಡದ ಬಂಡೆಯ ಮೇಲೆ ದೊರೆತಿದೆಯೆ ಎಂಬುದು ಮೊದಲನೆಯದು. ಹಿನ್ನೀರಿನ ಹೊಸ ಅಂಚು ಎಲ್ಲಿ ನಿಲ್ಲುವುದೋ ಅಲ್ಲಿಯವರೆಗಿನ ಮನೆಮಠಗಳ ಜನಕ್ಕೆ ಬೇರೆಡೆ ಭದ್ರವಾದ ನೆಲೆ ದೊರೆತಿದೆಯೆ ಎಂಬುದು ಎರಡನೆಯದು. ಮೊದಲನೆಯದರಲ್ಲಿ ತಪ್ಪಿದರೆ ಬೂಝೆಯಲ್ಲಿ ಆದಂತೆ ಗೋಡೆ ಉರುಳುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಗೋಡೆ ನಿಂತೇ ಇರುತ್ತದೆ. ಉರುಳಿದ ಬದುಕುಗಳ ಸದ್ದು ಮಾತ್ರ ಅದರ ಕೆಳಗಿನ ಹಸುರಾದ ಹೊಲಗಳವರೆಗೆ ಕೇಳಿಬರುವುದಿಲ್ಲ. ಗೋಡೆಗೆ ಒಂದು ಅಡಿಯನ್ನು ಕೂಡಿಸುವ ಮುನ್ನ ಈ ಎರಡು ಲೆಕ್ಕಗಳನ್ನೂ ಅಷ್ಟೇ ಎಚ್ಚರಿಕೆಯಿಂದ ಮಾಡಿ ಮುಗಿಸಬೇಕು.